ಏಳನೇ ಪ್ಲೇಟಿನ ತಳ

ಮೇಷ್ಟ್ರೇ,

ಈಗ ಸಂಜೆ ಆರೂ ಕಾಲು. ಬೆಳಿಗ್ಗೆ ಅಂಗಡಿ ತೆರೆದು ಒಬ್ಬ ಡಾಕ್ಟರ ಬೋರ್ಡಿಗೆ ಅರ್ಧ ಹೆಸರು ಕೊರೆದಿದ್ದೆ. ಹನ್ನೊಂದಕ್ಕೆ ನಿಮ್ಮ ಮನೆಯ ಅಮ್ಮಾವ್ರು ಫೋನ್ ಮಾಡಿ ಕರೆದರು. ಸೈಕಲ್ ಹತ್ತಿ ಜಯಲಕ್ಷ್ಮಿಪುರಂಗೆ ಹೋದೆ. ಎರಡು ಗಂಟೆಯವರೆಗೆ ನಿಮ್ಮ ಮನೆಯಲ್ಲಿದ್ದು ಬಂದು, ಶಟರ್ ಅರ್ಧ ಎಳೆದುಕೊಂಡು ಕೂತಿದ್ದೇನೆ. ಡಾಕ್ಟರ ಹೆಸರಿನ ಉಳಿದರ್ಧ ಹಾಗೇ ಇದೆ. ದಿನಾ ನಾಲ್ಕು ಸಾಲು ಡೈರಿ ಬರೆಯುವ ಅಭ್ಯಾಸ ಮಾಡಿಸಿದವರು ನೀವು. ಇವತ್ತಿನದು ಡೈರಿಗೆ ಬರೆಯುವಂಥದ್ದಲ್ಲ, ನಿಮಗೇ ಹೇಳಬೇಕಾದದ್ದು. ನೀವು ಹೋಗಿ ಏಳು ತಿಂಗಳಾಯಿತು. ಈ ಮಾತನ್ನು ಅದಕ್ಕೂ ಎಷ್ಟೋ ವರ್ಷ ಮುಂಚೆ ಹೇಳಬೇಕಾಗಿತ್ತು.

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಮನೆಯ ಹಿತ್ತಾಳೆ ಬೋರ್ಡಿಗೆ. ಕಾಲೇಜಿನಿಂದ ನಿವೃತ್ತಿಯಾದ ವರ್ಷ. ಬೋರ್ಡು ಕೊಟ್ಟರೆ ಹೆಸರು ಸರಿಯಿದೆಯೇ ಎಂದು ಕೂಡ ನೋಡಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಅಕ್ಷರದೊಳಗೆ ಇಣುಕಿದಿರಿ.

"ಈ ತಲೆಕಟ್ಟಿನ ಗೆರೆ ಎಷ್ಟು ಅಗಲ ಕಣಯ್ಯ?"

"ಅರ್ಧ ಮಿಲಿಮೀಟರ್ ಇರ್ಬೋದು ಸಾರ್."

"ಉಕ್ಕಿನ ಮೇಲೂ ಕೊರೀತೀಯಾ?"

"ಕೊರೀತೀನಿ. ಏನು ಹೆಸರು ಸಾರ್?"

"ಹೆಸರಿಲ್ಲ. ಬರೀ ಗೆರೆ. ಒಂದರ ಪಕ್ಕ ಒಂದು, ನಲವತ್ತು ಗೆರೆ."

"ಹೆಸರೇ ಇಲ್ದಿರೋ ಬೋರ್ಡು ಯಾರ ಮನೆಗೆ ಸಾರ್?"

ನೀವು ಜೋರಾಗಿ ನಕ್ಕಿರಿ. "ಗಾಳಿ ಮನೆಗೆ" ಅಂದಿರಿ. ಆ ನಗುವಿಗೇ ನಾನು ಒಪ್ಪಿಕೊಂಡೆನೋ ಏನೋ.

ನಿಮ್ಮ ಕಾರ್ ಶೆಡ್ಡಿನಲ್ಲಿ ಕಾರು ಇರಲಿಲ್ಲ. ಹಳೇ ಮೇಜು, ಪೈಪುಗಳು, ಸೋರುವ ಜಾಗ ಹುಡುಕಲು ಸೋಪಿನ ನೀರಿನ ಬಟ್ಟಲು. ಎಸ್ಸೆಸ್ಸೆಲ್ಸಿ ಓದಿದ ನನಗೆ ನೀವು ಮೋಡ ಹೇಗಾಗುತ್ತೆ ಅಂತ ಮಕ್ಕಳಿಗೆ ಹೇಳುವ ಹಾಗೆ ಹೇಳಿದಿರಿ. ಈ ಸಣ್ಣ ಗೆರೆಗಳೇ ಕಾಲುವೆ. ಕಾಲುವೆಯ ಒಳಮೈಗೆ ಕೆಟಲಿಸ್ಟಿನ ಲೇಪ. ತಾನು ಖರ್ಚಾಗದೆ ಬೇರೆಯದನ್ನು ಬದಲಾಯಿಸುವ ಪುಡಿ ಅದು. ಪ್ಲೇಟುಗಳನ್ನು ಒಂದರ ಮೇಲೊಂದು ಬಿಗಿದು, ಕಾಯಿಸಿ, ಸ್ಪಿರಿಟ್ಟಿನ ಆವಿ ಮತ್ತು ನೀರಿನ ಆವಿ ಒಟ್ಟಿಗೆ ಬಿಟ್ಟರೆ ಆಚೆ ತುದಿಯಲ್ಲಿ ಹೈಡ್ರೋಜನ್ ಬರಬೇಕು. "ಎರಡು ಅಂತಸ್ತಿನ ಪಾತ್ರೆ ಮಾಡೋ ಕೆಲಸಾನ ಅಂಗೈಯಷ್ಟು ಉಕ್ಕು ಮಾಡುತ್ತೆ ಮಾದೇವ" ಎಂದು ಅಂಗೈ ಚಾಚಿದಿರಿ. ಆದರೆ ಎಲ್ಲಿ ಮಾಡಿತು? ಒಂದರಿಂದ ಆರರವರೆಗಿನ ಪ್ಲೇಟುಗಳಲ್ಲಿ ಎರಡು ದಿನ ಕಾಯಿಸುವಷ್ಟರಲ್ಲಿ ಲೇಪ ಸಿಪ್ಪೆಯ ಹಾಗೆ ಎದ್ದು ಬಂತು. ಪ್ರತಿ ಸಲವೂ ನೀವು ಆ ಸಿಪ್ಪೆಯನ್ನು ಕಾಗದದಲ್ಲಿ ಮಡಿಸಿ ನಂಬರು ಬರೆದು ಇಟ್ಟಿರಿ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನಮ್ಮ ಅಪ್ಪ ಬೆಳ್ಳಿ ತಟ್ಟೆ, ಶೀಲ್ಡುಗಳ ಮೇಲೆ ಹೆಸರು ಕೊರೆಯುತ್ತಿದ್ದವರು. ಕೊರೆದ ಗೆರೆಯ ತಳ ಕನ್ನಡಿಯ ಹಾಗಿರಬೇಕು ಅನ್ನುವುದು ಅವರ ಕಟ್ಟಳೆ. ಬಿದಿರುಕಡ್ಡಿಯ ತುದಿಗೆ ಎಮೆರಿ ಪುಡಿ ಹಚ್ಚಿ, ಒಂದೊಂದು ಗೆರೆಯ ಒಳಗೂ ಉಜ್ಜಿ, ಕಟರ್ ಬಿಟ್ಟ ಕಚ್ಚುಗಳನ್ನೆಲ್ಲ ತೆಗೆದ ಮೇಲೇ ಗಿರಾಕಿಗೆ ಕೊಡಬೇಕು. ಉಜ್ಜದೆ ಕೊಡುವವನು ಕೆಲಸಗಾರನೇ ಅಲ್ಲ. ನಿಮ್ಮ ಆರು ಪ್ಲೇಟುಗಳ ನಲವತ್ತು ನಲವತ್ತು ಗೆರೆಯನ್ನೂ ನಾನು ಹಾಗೇ ಉಜ್ಜಿದೆ. ಏಳನೆಯದಕ್ಕೆ ಗೆರೆ ಇನ್ನೂ ಸಣ್ಣ ಮಾಡು ಅಂದಿರಿ. ಅದು ದಸರಾ ಸಮಯ. ಕುಸ್ತಿಯ ಶೀಲ್ಡು, ಓಟದ ಶೀಲ್ಡು, ರಂಗೋಲಿ ಸ್ಪರ್ಧೆಯ ಶೀಲ್ಡು ಎಂದು ಅಂಗಡಿ ತುಂಬಿತ್ತು. ನಿಮ್ಮ ಪ್ಲೇಟು ಕೊರೆದೆ. ಉಜ್ಜಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಟ್ಟುಬಿಟ್ಟೆ. ನನ್ನ ಕೈಕೆಲಸದ ಮೇಲಿನ ನಂಬಿಕೆಗೆ ನೀವೂ ಭೂತಗನ್ನಡಿ ಹಿಡಿಯಲಿಲ್ಲ.

ಆ ಪ್ಲೇಟಿಗೆ ನೀವು ಉರಿ ತೋರಿಸಿದ ದಿನ ನೆನಪಿದೆಯಾ? ನಾಲ್ಕು ದಿನ ಕಾಯಿಸಿಯೂ ಲೇಪ ಎದ್ದಿರಲಿಲ್ಲ. ಪೈಪಿನ ತುದಿಗೆ ಬೆಂಕಿಕಡ್ಡಿ ಹಿಡಿದಿರಿ. ನನಗೇನೂ ಕಾಣಲಿಲ್ಲ. "ಹತ್ತಿಕೊಂಡಿಲ್ಲ ಸಾರ್" ಅಂದೆ. ನೀವು ಹಳೇ ಪ್ರಶ್ನೆಪತ್ರಿಕೆಯ ಮೂಲೆಯನ್ನು ಅಲ್ಲಿ ಹಿಡಿದಿರಿ, ಅದು ಭಗ್ಗೆಂದಿತು. ಬಿಸಿಲಿನಲ್ಲಿ ಕಾಣದ ಉರಿ! ಅಮ್ಮಾವ್ರು ಅಡಿಗೆಮನೆಯಿಂದ ಓಡಿಬಂದು, "ಮನೆ ಸುಟ್ಬುಟ್ಟೀರಾ ಹೆಂಗೆ?" ಎಂದು ಕೂಗಿದರು. ನೀವು ನನ್ನ ಭುಜ ಹಿಡಿದು ಕೇಳಿದಿರಿ: "ಏನೋ ಮಾಡ್ದೆ ಈ ಪ್ಲೇಟಿಗೆ?"

"ಯಾವತ್ತಿನ ಹಾಗೇ ಸಾರ್" ಅಂದೆ.

ಮೇಷ್ಟ್ರೇ, ಆ ಮೂರು ಮಾತು. ಉಜ್ಜದೆ ಕೊಟ್ಟೆ ಅಂತ ಹೇಳಲು ನಾಚಿಕೆ. ಅಪ್ಪನ ಮಗ ಕಳ್ಳಗೆಲಸ ಮಾಡಿದ ಅಂತ ನಿಮ್ಮ ಬಾಯಲ್ಲಿ ಬಂದರೆ ಹೇಗೆ ತಡೆಯಲಿ ಅನ್ನುವ ಭಯ. ಆಮೇಲಿನ ಪ್ಲೇಟುಗಳನ್ನೂ ಉಜ್ಜಲಿಲ್ಲ. ಲೇಪ ಉದುರದೆ ಯಾಕೆ ನಿಂತಿತು ಅಂತ ನನಗೆ ಅರ್ಥವಾಗಿತ್ತು. ಗೋಡೆಗೆ ಗಾರೆ ಹಿಡಿಯಲಿ ಅಂತ ಕಚ್ಚು ಹೊಡೆಯುತ್ತಾರಲ್ಲ, ಹಾಗೆ. ಅರ್ಥವಾಗಿಯೂ...

ನೀವು ಪೇಟೆಂಟಿಗೆ ಅರ್ಜಿ ಬರೆದ ವಾರ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದಿರಿ. ಇಂಗ್ಲಿಷಿನಲ್ಲಿ ಬರೆಯುತ್ತಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಿರಿ. ಗೆರೆ ಸಣ್ಣದಾದಷ್ಟೂ ಲೇಪ ನಿಲ್ಲುತ್ತದೆ, ಅದೇ ನಮ್ಮ ಹೊಸತು ಅಂದಿರಿ. ಒಂದು ಕಡೆ ಪೆನ್ನು ನಿಲ್ಲಿಸಿ ಕೇಳಿದಿರಿ, "ತಳ ನುಣುಪಾಗಿ ಉಜ್ಜಿದ್ದು ಅಂತ ಬರೀಲೇನಯ್ಯ? ನಿನ್ನ ಕೈಕೆಲಸನೂ ದಾಖಲೆಗೆ ಹೋಗ್ಲಿ." ನನ್ನ ಮೇಲಿನ ಪ್ರೀತಿಗೆ ಕೇಳಿದಿರಿ. ನಾನು ತಲೆ ಆಡಿಸಿದೆ. ಬಾಯಿ ಕೂಡ ತೆರೆಯಲಿಲ್ಲ, ಬರೀ ತಲೆ ಆಡಿಸಿದೆ.

ಚೆನ್ನೈಯ ಪೇಟೆಂಟ್ ಕಚೇರಿಯಿಂದ ಪರೀಕ್ಷೆಯ ವರದಿ ಬಂದಾಗ ನಿಮಗೆ ಆಗಲೇ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಪರೀಕ್ಷಕರು ಒಂದು ಹಳೆಯ ಪರದೇಶದ ಪೇಟೆಂಟನ್ನು ಮುಂದಿಟ್ಟಿದ್ದರು. ಅದರಲ್ಲೂ ಸಣ್ಣ ಕಾಲುವೆ, ಅದರಲ್ಲೂ ನುಣುಪು ತಳ, ಅದರಲ್ಲೂ ಲೇಪ. ನಿಮ್ಮದು ಇದಕ್ಕಿಂತ ಹೇಗೆ ಬೇರೆ ಎಂದು ಕೇಳಿದ್ದರು. ಅವರು ಕೊಟ್ಟ ಗಡುವಿನೊಳಗೆ ಉತ್ತರ ಹೋಗಬೇಕು, ಇಲ್ಲವಾದರೆ ಅರ್ಜಿ ಕೈಬಿಟ್ಟಂತೆ. ನೀವು ಕೋಪ ಮಾಡಿಕೊಳ್ಳಲಿಲ್ಲ. "ನ್ಯಾಯವಾಗೇ ಕೇಳಿದಾರೆ ಕಣೋ. ಆ ಪರದೇಶದವರ ಲೇಪ ನಿಲ್ಲಲ್ಲ, ನಮ್ಮದು ನಿಲ್ಲುತ್ತೆ. ಯಾಕೆ ಅಂತ ನನಗೇ ಗೊತ್ತಿಲ್ವಲ್ಲ" ಅಂದಿರಿ. ಆಸ್ಪತ್ರೆಯಲ್ಲೂ ಅದೇ. ಮೂಗಿಗೆ ನಳಿಕೆ ಹಾಕಿದ್ದರು. ನನ್ನ ಕೈ ಹಿಡಿದು, "ಏಳನೇದಕ್ಕೆ ಏನೋ ಮಾಡಿದೀಯ, ಯೋಚನೆ ಮಾಡಿ ನೋಡು" ಅಂದಿರಿ. ಅಮ್ಮಾವ್ರು ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದರು. "ಹುಷಾರಾಗಿ ಮನೆಗೆ ಬನ್ನಿ ಸಾರ್, ಕೂತು ಮಾತಾಡೋಣ" ಅಂದೆ. ನೀವು ಬರಲಿಲ್ಲ. ಯಾವ ಬಾಯಿಂದ ಅದನ್ನು ಅಂದೆ ನಾನು?

ಇವತ್ತು ನಿಮ್ಮ ಮನೆಯಲ್ಲಿ, ಈಗ ನಿಮ್ಮ ಅರ್ಜಿ ನೋಡಿಕೊಳ್ಳುವ ಬೆಂಗಳೂರಿನ ಪೇಟೆಂಟ್ ಏಜೆಂಟರ ಫೋನು ಬಂತು. ಅಮ್ಮಾವ್ರು ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟರು. ಏಜೆಂಟರು ದನಿ ತಗ್ಗಿಸಿ, "ಒಂದೇ ಒಂದು ವ್ಯತ್ಯಾಸ ಸಿಕ್ಕಿದ್ರೂ ಸಾಕು, ನಾಳೆಯೊಳಗೆ ಉತ್ತರ ಹಾಕ್ತೀನಿ. ಪ್ಲೇಟು ಮಾಡಿದವರು ನೀವೇ ತಾನೆ? ಏನಾದ್ರೂ ಇದ್ರೆ ಹೇಳಿ" ಅಂದರು. ಮೇಜಿನ ಮೇಲೆ ನೀವು ಸಿಪ್ಪೆ ಮಡಿಸಿಟ್ಟ ಕಾಗದದ ಪೊಟ್ಟಣಗಳಿದ್ದವು. ಒಂದರಿಂದ ಆರು. ಏಳನೆಯದು ಇಲ್ಲ, ಯಾಕೆಂದರೆ ಏಳನೆಯದು ಉದುರಲೇ ಇಲ್ಲ. ಅದನ್ನು ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಶೀಲ್ಡು, ಬಿದಿರುಕಡ್ಡಿ, ತಲೆ ಆಡಿಸಿದ್ದು.

ಫೋನಿನ ಆಚೆ ಏಜೆಂಟರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ಇದೇ ಕಣ್ರೀ ಬೇಕಾಗಿದ್ದದ್ದು" ಅಂದರು. ನನಗೆ ಜೀವ ಬಂದಂತಾಯಿತು. ಅರೆಕ್ಷಣ ಅಷ್ಟೇ. "ಆದ್ರೆ ಅರ್ಜಿಯಲ್ಲಿ ನುಣುಪು ಅಂತಾನೇ ಇದೆಯಲ್ಲ. ಅದರಲ್ಲಿ ಇಲ್ಲದ್ದನ್ನ ಈಗ ಸೇರಿಸೋಕೆ ಬರಲ್ಲ. ಬರೆಯೋವಾಗ ಹೇಳಿದ್ರೆ ಮುಗಿದುಹೋಗ್ತಿತ್ತು." ಒರಟು ತಳದ ವಿಷಯ ಇನ್ನೂ ಎಲ್ಲೂ ಹೊರಗೆ ಬಂದಿಲ್ಲದಿದ್ದರೆ ಅದಕ್ಕೇ ಬೇರೆ ಅರ್ಜಿ ಹಾಕಬಹುದಂತೆ, ಹೊಸ ತಾರೀಖಿನಲ್ಲಿ. ಹಾಕಿದರೆ ಕಂಡುಹಿಡಿದವರ ಜಾಗದಲ್ಲಿ ನನ್ನ ಹೆಸರು ಬರಬೇಕಂತೆ. "ಮೇಷ್ಟ್ರ ಹೆಸರು ಮಾತ್ರ ಹಾಕಿ" ಅಂದೆ. "ಅದು ಅವರಿಗೆ ಗೊತ್ತಿತ್ತಾ?" ಎಂದು ಕೇಳಿದರು.

ಗೊತ್ತಿರಲಿಲ್ಲ ಮೇಷ್ಟ್ರೇ. ಗೊತ್ತಾಗದ ಹಾಗೆ ನೋಡಿಕೊಂಡವನು ನಾನೇ.

ಫೋನ್ ಇಟ್ಟ ಮೇಲೆ ಅಮ್ಮಾವ್ರ ಕಾಲು ಹಿಡಿಯಲು ಹೋದೆ. ಹಿಂದೆ ಸರಿದರು. ಬೈದಿದ್ದರೆ ಸಾಕಾಗಿತ್ತು. ಪೊಟ್ಟಣಗಳನ್ನು ಒಂದೊಂದಾಗಿ ಜೋಡಿಸುತ್ತಾ, "ಬಯ್ತಾರೆ ಅಂದ್ಕೊಂಡ್ಯೇನೋ? ಅವರಾ? ಕುಣಿದ್ಬುಡ್ತಿದ್ರು ಕಣೋ ಮಾದೇವ" ಅಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಹೊರಗೆ ಬರುವಾಗ ಗೇಟಿನಲ್ಲಿ ನಿಮ್ಮ ಬೋರ್ಡು. ಅಮ್ಮಾವ್ರು ತೆಗೆಸಿಲ್ಲ. ಗೆರೆಗಳ ತಳ ಇನ್ನೂ ಹೊಳೆಯುತ್ತಿದೆ. ಅಷ್ಟು ಚೆನ್ನಾಗಿ ಉಜ್ಜಿದ್ದೆ.

ಅಮ್ಮಾವ್ರು ಐದು ಗಂಟೆಗೆ ಅಂಗಡಿಗೆ ಫೋನ್ ಮಾಡಿದ್ದರು. "ಹೊಸದು ಹಾಕು. ಇಬ್ಬರ ಹೆಸರೂ ಇರ್ಲಿ, ಅದು ಆಗುತ್ತಾ ಕೇಳು. ಆಗ್ದಿದ್ರೆ ನಿನ್ನದೊಂದೇ ಇರ್ಲಿ. ಉರಿ ಮಾತ್ರ ಆರಬಾರದು" ಎಂದು ಇಟ್ಟುಬಿಟ್ಟರು. ಹತ್ತು ವರ್ಷ ನೀವು ಬಿಸಿಲು, ಸೋರುವ ಪೈಪು ಎಲ್ಲ ಸಹಿಸಿದ್ದು ನನ್ನ ಹೆಸರಿಗಾ? ಆ ಕಾಗದದ ಮೇಲೆ ನಾನು ಹೇಗೆ ಸಹಿ ಹಾಕಲಿ? ಹಾಕದಿದ್ದರೆ ಯಾರಿಗೂ ಏನೂ ಉಳಿಯುವುದಿಲ್ಲ...

ಒಂದು ಮಾತು ಕೊಡುತ್ತೇನೆ. ಏಜೆಂಟರು ಎರಡು ಪ್ಲೇಟು ಕೇಳಿದ್ದಾರೆ, ಉಜ್ಜಿದ್ದೊಂದು, ಉಜ್ಜದ್ದೊಂದು, ಎರಡನ್ನೂ ಒಟ್ಟಿಗೆ ಕಾಯಿಸಿ ತೋರಿಸಲು. ಕೊರೆಯುತ್ತೇನೆ. ಯಾವುದು ಯಾವುದು ಅಂತ ಪ್ಲೇಟಿನ ಬೆನ್ನ ಮೇಲೆ ನನ್ನ ಕೈಯಾರೆ ಬರೆಯುತ್ತೇನೆ. ಯಾರು ಕೇಳಿದರೂ, ಕೇಳದಿದ್ದರೂ, ಏಳನೆಯದಕ್ಕೆ ಏನು ಮಾಡಿದೆ ಅಂತ ಹೇಳುತ್ತೇನೆ.

ನಿಮ್ಮ ಹಳೇ ಅರ್ಜಿಗೆ ಉತ್ತರ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ನಾಳೆ ಸಂಜೆ ಚೆನ್ನೈಯ ಕಚೇರಿ ಬಾಗಿಲು ಹಾಕುತ್ತದೆ, ಅಲ್ಲಿಗೆ ಗಡುವು ಮುಗಿಯುತ್ತದೆ.

ನಿಮ್ಮ
ಮಾದೇವ