ಅಂಜನ್‌ನ ಹೊಕ್ಕುಳಬಳ್ಳಿ

ಹಿರಿಯೂರು
14-9-2024, ಶನಿವಾರ

ಪ್ರೀತಿಯ ತಂಗಿ ಮೇಘಶ್ರೀಗೆ,

ಅಕ್ಕನ ಆಶೀರ್ವಾದಗಳು. ಅಂಜನ್‌ಗೆ ಒಂದು ಮುತ್ತು ಕೊಡು ಎಂದು ಬರೆಯಬೇಕು. ಬರೆಯಲಾರೆ. ಈ ಬಾಯಿಯ ಮುತ್ತು ಆ ಕೂಸಿಗೆ ಬೇಡ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ನಾನು ಫೋನ್ ಹಿಡಿದರೆ ನಮ್ಮತ್ತೆ ಏಕಾಂತಮ್ಮ ಪಕ್ಕದಲ್ಲೇ ಬಂದು ಕೂರುತ್ತಾರೆ. ಅದಕ್ಕೇ, ರಜೆ ಮುಗಿಸಿ ಮಸ್ಕತ್ತಿಗೆ ವಾಪಸ್ ಹೊರಟಿರುವ ನಿನ್ನ ಗಂಡ ಮಾರುತೇಶನ ಕಂಪನಿಯ ಗುಡ್ಡಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನೊಬ್ಬಳೇ ಓದು.

ಹೋದ ವಾರ ನೀನು ಫೋನಿನಲ್ಲಿ ಅಳುತ್ತಿದ್ದೆ. ಮಾರುತೇಶ ಬೆಳಿಗ್ಗೆ ಐದಕ್ಕೆ ಕ್ರೇನ್ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನೀನು, ನಾಲ್ಕು ತಿಂಗಳ ಕೂಸು, ಆ ಎರಡು ಕೋಣೆ. "ಕೂಸಿಗೆ ನೀರು ಹಾಕಾಕೂ ಹೆದ್ರಿಕೆ ಅಕ್ಕಾ, ಒಬ್ರೂ ದಿಕ್ಕಿಲ್ಲ" ಅಂದೆ. ದಿಕ್ಕಾಗಿ ಓಬುಳಮ್ಮ ಇದ್ದಳು. ಕಡಪದಿಂದ ಅಲ್ಲಿಗೆ ಮನೆಗೆಲಸಕ್ಕೆ ಬಂದವಳು. ನಲ್ಲಿಯ ತಣ್ಣೀರೇ ಕೈ ಸುಡುವ ಆ ಊರಿನಲ್ಲಿ, ಹಿಂದಿನ ದಿನವೇ ಬಕೆಟ್ ತುಂಬಿಟ್ಟು ಆರಿಸಬೇಕೆಂದು ನಮಗೆ ಹೇಳಿಕೊಟ್ಟವಳು. ನಿನ್ನ ಬಾಣಂತನಕ್ಕೆ ಬಂದಿದ್ದ ನಾನು ಕೂಸಿಗೆ ಲೋಬಾನದ ಹೊಗೆ ಹಾಕಿ, ಆ ಹೊಗೆಗೆ ಬಿಲ್ಡಿಂಗಿನ ಬೆಂಕಿ ಅಲಾರಂ ಹೊಡೆದುಕೊಂಡು ವಾಚ್‌ಮನ್ ಓಡಿಬಂದಾಗ, "ನಿಮ್ಮಕ್ಕ ಬಿಲ್ಡಿಂಗಿಗೇ ಬಾಣಂತನ ಮಾಡ್ತಾಳೆ ತಲ್ಲೀ" ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ನಕ್ಕವಳು. ಅವಳನ್ನು ನೀನು ಕಳ್ಳಿ ಎಂದು ಓಡಿಸಿದೆ.

ಅವಳು ಕದಿಯಲಿಲ್ಲ. ಅಂಜನ್‌ನ ಹೊಕ್ಕುಳಬಳ್ಳಿಯ ಒಣತುಂಡನ್ನು ಕದ್ದವಳು ನಾನು.

ಊರಿಗೆ ಬಂದಾಗ ಬೆಳ್ಳಿ ತಾಯತದಲ್ಲಿ ತುಂಬಿ ಕೂಸಿನ ಉಡಿದಾರಕ್ಕೆ ಕಟ್ಟಿಸಬೇಕೆಂದು ನೀನು ಅದನ್ನು ಹತ್ತಿಯಲ್ಲಿ ಸುತ್ತಿ ಕುಂಕುಮದ ಭರಣಿಯಲ್ಲಿಟ್ಟಿದ್ದೆ. ನಾನು ಊರಿಗೆ ಹೊರಡಲು ನಾಲ್ಕು ದಿನ ಇತ್ತು. ತೆಗೆದು ರವಿಕೆಯೊಳಗೆ ಸೇರಿಸಿದೆ. ನೀನು ಗೋಡೆಯ ಕಡೆ ತಿರುಗಿ ಹಾಲು ಕೊಡುತ್ತಾ ನನ್ನೊಡನೆ ಮಾತಾಡುತ್ತಲೇ ಇದ್ದೆ.

ಮಾರನೆಯ ದಿನ ಭರಣಿ ತೆಗೆದು ನೋಡಿದ ನೀನು ಓಬುಳಮ್ಮನ ಮೇಲೆ ಹರಿಹಾಯ್ದೆ. "ಮಕ್ಕಳಿಲ್ದೋರಿಗೆ ನುಂಗಾಕೆ ಮಾರ್ಕಂಡಿದ್ದೀಯ, ನನಗ್ ಗೊತ್ತೈತೆ." ಅವಳು ಹೇಳಿದ್ದು ಇಷ್ಟೇ: "ನಂಗೆ ಮೂರು ಮಕ್ಕಳು ಅವರೆ ತಲ್ಲೀ. ನಂಗ್ಯಾತಕ್ಕೆ ಅದು?" ಹೇಳಿ ನನ್ನ ಕಡೆ ನೋಡಿದಳು. ಅಲ್ಲಿದ್ದ ಮೂವರು ಹೆಂಗಸರಲ್ಲಿ ಮಡಿಲು ಬರಿದಾಗಿದ್ದವಳು ನಾನೊಬ್ಬಳೇ. ಅವಳಿಗೆ ತಿಳಿಯಿತು ಮೇಘಾ. ಆದರೂ ಬಾಯಿ ಬಿಡದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ರಾಗಿ ಗಂಜಿ ಕದಡುತ್ತಾ, "ಈಗಿನ್ ಕಾಲ್ದಾಗೆ ಯಾರ್ನ ನಂಬಾದು" ಎಂದೆ. ನೆನೆದರೆ ಈ ನಾಲಿಗೆಯನ್ನು ಕಿತ್ತು ಬಚ್ಚಲಿಗೆ ಎಸೆಯಬೇಕೆನಿಸುತ್ತದೆ.

ನನ್ನ ಕೂಸು ಹುಟ್ಟಿದ ಮೂರನೇ ದಿನ ಹೋಯಿತು. ಅದರ ಹೊಕ್ಕುಳ ಇನ್ನೂ ಹಸಿಯಾಗಿತ್ತು, ಆಸ್ಪತ್ರೆಯ ಕ್ಲಿಪ್ಪಿನ ಸಮೇತ ಮಣ್ಣಿಗಿಟ್ಟರು. ಎರಡು ವರ್ಷದಿಂದ ಡೈರಿಯ ಮೂಲೆಯಲ್ಲಿ ಅದಕ್ಕೆ ಇವತ್ತಿಗೆ ಎಷ್ಟು ದಿನವಾಗುತ್ತಿತ್ತು ಎಂದು ಬರೆಯುತ್ತಿದ್ದೇನೆ. ನಿನ್ನ ಬಾಣಂತನಕ್ಕೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕಿವಿಯಲ್ಲಿ ಹೇಳಿದರು: "ಬಂಗಾರ ಬ್ಯಾಡ, ಸೆಂಟು ಬ್ಯಾಡ. ನಿನ್ ತಂಗಿ ಕೂಸಿನ್ ಹೊಕ್ಕಳ ತಗಂಬಾ. ನುಂಗಿದ್ರೆ ಬಸುರು ನಿಲ್ತೈತೆ."

ಅದನ್ನೇ ತಂದುಕೊಟ್ಟೆ. ಬಂದ ಮೊದಲ ಸೋಮವಾರ ಅವರು ನನಗೆ ತಲೆಗೆ ನೀರು ಹಾಕಿ, ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅದನ್ನು ಬಾಳೆಹಣ್ಣಿನೊಳಗೆ ತುರುಕಿ ಬಾಯಿಗಿಟ್ಟರು. ಹಲ್ಲು ತಾಗಬಾರದಂತೆ. ತಾಗಿತು. ಒಣಚರ್ಮ, ಕುಂಕುಮದ ಹುಡಿ, ಹಣ್ಣಿನ ಲೋಳೆ, ನನ್ನದೇ ಬೆವರಿನ ವಾಸನೆ. ನಿಮ್ಮ ಭಾವ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಬಾಯಿ ತುಂಬ ನೊರೆ ಇಟ್ಟುಕೊಂಡೇ, "ಗುಳಿಗೆ ಅಂತ ತಿಳ್ಕಳೇ, ನುಂಗತ್ಲಾಗೆ" ಎಂದರು. ಈ ಮನುಷ್ಯನ ಮಗ್ಗುಲಲ್ಲಿ ಮಲಗಬೇಕಲ್ಲಾ ಎಂದು ಹೇಸಿಗೆಯಾಯಿತು. ಹಿತ್ತಲಿಗೆ ಓಡಿದೆ. ಎಲ್ಲಾ ವಾಂತಿಯಾಯಿತು. ಅಲ್ಲಿಗೆ ಮುಗಿಯಿತು.

ಈಗ ಅತ್ತೆ ನನ್ನ ಮುಟ್ಟಿನ ದಿನ ಎಣಿಸುತ್ತಾರೆ. ಬಾಳೆಹಣ್ಣು ಕಂಡರೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತೇನೆ. ಅದನ್ನೂ ಅವರು ಒಳ್ಳೆ ಲಕ್ಷಣ ಎನ್ನುತ್ತಾರೆ. ಥೂ.

ನೀನು ಈಗ ಮಾಡಬೇಕಾದ್ದು ಒಂದೇ. ಓಬುಳಮ್ಮನನ್ನು ಹುಡುಕು. ನೀನು ಬಿಲ್ಡಿಂಗಿನವರಿಗೆಲ್ಲ ಹೇಳಿ ಅವಳ ಕೆಲಸ ತಪ್ಪಿಸಿದ್ದೀಯ. ಅದೇ ಬಾಗಿಲುಗಳಿಗೆ ಹೋಗಿ, ಕದ್ದವಳು ನಮ್ಮಕ್ಕ ಎಂದು ಹೇಳು. ಹೆಸರು ಹಿಡಿದೇ ಹೇಳು. ಮಾರುತೇಶನಿಗೂ ತಿಳಿಯಲಿ. ಅವಳು ಬಂದರೆ ನೀರು ಹಾಕಲು ಕೂಸು ಕೊಟ್ಟುಬಿಡು, ಅವಳ ಕೈ ಹಗುರ. ನೀನು ಒಂದು ಗಂಟೆ ನಿದ್ದೆ ಮಾಡು. ನನ್ನನ್ನು ಇನ್ನು ಮನೆಗೆ ಸೇರಿಸದಿದ್ದರೂ ಸರಿಯೇ.

ನಿನ್ನಿಂದ ಅಕ್ಕ ಎನ್ನಿಸಿಕೊಂಡ
ನೇತ್ರಾವತಿ

ಮರೆತ ಮಾತು: ಅಲ್ಲಿಗೆ ಮುಗಿಯಿತು ಎಂದು ಬರೆದದ್ದು ಸುಳ್ಳು. ವಾಂತಿಯಾದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅಷ್ಟರಲ್ಲಿ ಅತ್ತೆ ಒಳಗೆ ದೇವರ ದೀಪ ಹಚ್ಚುತ್ತಿದ್ದರು, ನಿಮ್ಮ ಭಾವ ಮುಖ ತೊಳೆದು ಕಾಯಿ ಅಂಗಡಿಗೆ ಹೋಗಿದ್ದರು. ಹಿತ್ತಲಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ವಾಂತಿಯೊಳಗೆ ಬೆರಳಾಡಿಸಿ ಅದನ್ನು ಹುಡುಕಿ ತೆಗೆದೆ. ನಲ್ಲಿಯಲ್ಲಿ ತೊಳೆದೆ. ಬರಿದೇ ನುಂಗಿದೆ. ಆಗ ನನಗೆ ಯಾರೂ ನುಂಗು ಎಂದಿರಲಿಲ್ಲ.