ಬ್ಯಾಟರಿಯ ನೀರು

ಯಲ್ಲಾಪುರ
೧೦-೯-೨೦೨೫

ಪ್ರೀತಿಯ ಕೂಸು ಅಭಿಜ್ಞಾ,

ನಿನ್ನ ಅಜ್ಜಿ ಗಟ್ಟಿಯಾಗಿದ್ದಾಳೆ, ನಾಲಿಗೆ ಅದಕ್ಕಿಂತ ಗಟ್ಟಿ. ನೀನು ಧಾರವಾಡಕ್ಕೆ ಹೋಗಿ ಎರಡು ವರ್ಷವಾಗುತ್ತ ಬಂತು, ನಾನು ಬರೆಯುತ್ತಿರುವುದು ಈಗ. ತಡವಾಯಿತೆಂದು ಸಿಟ್ಟಾಗಬೇಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಸಾಲು ಗುಡ್ಡ ಹತ್ತಿದರೆ ನೀನೂ ಹತ್ತಿ ಓದು. ಫೋನಿನಲ್ಲಿ ಹೇಳೋಣವೆಂದರೆ ನನ್ನ ಸ್ವರ ಕೇಳಿದ ಕೂಡಲೇ “ಆಯಿಗೆ ಕೊಡು” ಅನ್ನುತ್ತೀಯ.

ಹೆದ್ದಾರಿಗೆ ಮತ್ತೊಂದು ಪದರ ಡಾಂಬರು ಬಿತ್ತು. ಈಗ ಅಂಗಳದಲ್ಲಿ ನಿಂತರೆ ಲಾರಿಯ ಗಾಲಿ ನನ್ನ ಕಣ್ಣಿಗೆ ನೇರ. ಮನೆ ಇನ್ನಷ್ಟು ಕೆಳಗಾಯಿತು. ಅಜ್ಜ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಕೆಳಗಿನ ಕೋಣೆಯಲ್ಲಿ ಈ ಸಲವೂ ಜಲ ಎದ್ದಿತು. ಮೊದಲು ನೆಲ ಬೆವರುತ್ತದೆ, ಆಮೇಲೆ ಮೂಲೆಯ ಗುಂಡಿ ತುಂಬುತ್ತದೆ, ಆಗ ಮೋಟರ್ ತಾನಾಗಿ ಶುರುವಾಗಿ ನೀರನ್ನು ಹೊರಗೆ ಹಾಕುತ್ತದೆ. ಶುರುವಾಗುವ ಮೊದಲು ಒಂದು ಸಲ ಗೊರ್ ಅನ್ನುತ್ತದೆ, ಅಜ್ಜ ಗಂಟಲು ಸರಿಮಾಡಿಕೊಂಡ ಹಾಗೆ. ಮೊನ್ನೆ ಊಟದ ಹೊತ್ತಿಗೆ ಹಾಗಾಯಿತು. ನಾನು ಇನ್ನೊಂದು ಬಾಳೆಲೆ ಹಾಸಿದ್ದೆ.

“ಅತ್ತೆ, ಅದು ಯಾರಿಗೆ?” ಅಂದಳು ನಿನ್ನ ಆಯಿ.

“ಬೆಕ್ಕಿಗೆ.”

“ಬೆಕ್ಕಿಗೆ ಬಾಳೆಲೆಯಾ?”

“ನಿನ್ನ ಅಡುಗೆ ಬೆಕ್ಕಾದರೂ ಮರ್ಯಾದೆಯಿಂದ ಉಣ್ಣಲಿ” ಅಂದೆ. ಅವಳು ನಗಲಿಲ್ಲ. ಎಲೆ ತೆಗೆದಿಟ್ಟಳು.

ಮೊನ್ನೆಯವರೆಗೆ ಇನ್ವರ್ಟರ್ ಇಲ್ಲದೆ, ಕರೆಂಟು ಹೋದರೆ ಇನ್ನೂ ಕಷ್ಟವಾಗಿತ್ತು. ಮೋಟರ್ ಸುಮ್ಮನಾಗುತ್ತಿತ್ತು, ನೀರು ಮೆಟ್ಟಿಲು ಹತ್ತುವುದು ಕೇಳುತ್ತಿತ್ತು. ಕೆಳಗೆ ಉಳಿದ ಎರಡು ಹಾರ್ಮೋನಿಯಂಗಳ ತಿದಿ ಉಸಿರೆಳೆದ ಹಾಗಾಗುತ್ತಿತ್ತು. ಗಾಳಿ ಅನ್ನುತ್ತಾನೆ ನಿನ್ನ ಅಪ್ಪ. ಕಿಟಕಿಯೇ ಇಲ್ಲದ ಕೋಣೆಗೆ ಎಲ್ಲಿಯ ಗಾಳಿಯೋ. ಎರಡು ವರ್ಷದ ಹಿಂದೆ, ನವರಾತ್ರಿಯ ಆ ಮಧ್ಯಾಹ್ನ, ಕರೆಂಟು ಹೋದಾಗ ಇನ್ವರ್ಟರ್ ಇದ್ದೂ ಮೋಟರ್ ಓಡಲಿಲ್ಲ. ಹಾರ್ಮೋನಿಯಂ ಎತ್ತಿ ತರಲು ಅಜ್ಜ ನೀರಿಗೆ ಇಳಿದರು, ಜಾರಿದರು, ತಲೆ ಕಲ್ಲಿಗೆ ಬಡಿಯಿತು. ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವುದು ನಿನ್ನ ಕೆಲಸವಾಗಿತ್ತು. ಹೆಣ ಅಂಗಳದಲ್ಲಿರುವಾಗಲೇ ನಿನ್ನ ಅಪ್ಪ “ಕೂಸು ನೀರು ಹಾಕಿದ್ದಿಲ್ಲೆ ಕಾಣ್ತು” ಅಂದ. ನೀನು ಬಾಗಿಲ ಹಿಂದೆ ನಿಂತು ಕೇಳಿದೆ. ಅಂದಿನಿಂದ ನೀನು ಈ ಮನೆಯಲ್ಲಿ ಒಂದು ತುತ್ತು ನೆಟ್ಟಗೆ ಉಣ್ಣಲಿಲ್ಲ. ಹೋದವಳು ಅಜ್ಜನ ತಿಥಿಗೂ ಬರಲಿಲ್ಲ.

ಮೊನ್ನೆ ಹೊಸ ಇನ್ವರ್ಟರ್ ಕೂರಿಸಲು ಮಡಿವಾಳಪ್ಪ ಬಂದಿದ್ದ. ಹಾನಗಲ್ ಕಡೆಯವನು, ಹಳೆಯದನ್ನು ಕೂರಿಸಿದವನೂ ಅವನೇ. ನಿನ್ನ ಅಪ್ಪ ಪಕ್ಕದಲ್ಲಿದ್ದ. ನಾನು, “ಈ ಬ್ಯಾಟರಿನಾದ್ರೂ ಬಾಳಿಕೆ ಬರ್ತದ್ಯನಾ, ಹಳೇದರ ಹಾಗೆ ಕೈ ಕೊಡ್ತದ್ಯಾ?” ಎಂದು ಕೊಂಕು ತೆಗೆದೆ. ತೆಗೆಯಬಾರದಿತ್ತು.

ಅವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. “ಹಳೇದಕ್ಕೇನಾಗಿತ್ರಿ ಅಮ್ಮಾರ? ಈ ಸಾವಕಾರ್ರು ಬ್ಯಾಡಂತ ಒಗೆದ್ರು, ನಾ ಒಯ್ದು ಅಂಗಡ್ಯಾಗ ಇಟ್ಕೊಂಡೇನಿ. ಎರಡು ವರ್ಷಾತು, ಒಂದು ದಿನ ನಿಂತಿಲ್ಲ. ಒಯ್ದಾಗ ಮುಚ್ಚಳ ತೆಗೆದು ನೋಡೀನಿ, ನೀರು ಗೆರಿ ಮಟ ಇತ್ರಿ. ಯಾರು ಹಾಕಿದ್ರೋ, ಚೊಲೋ ಹಾಕಿದ್ರು.”

ನಿನ್ನ ಅಪ್ಪ ನನ್ನ ಕಡೆ ತಿರುಗಿದ. “ಹಂಗಾರೆ ಮೋಟರ್ ಎಂತಕ್ಕೆ ಓಡಿದ್ದಿಲ್ಲೆ, ಆಯಿ?” ಎಂದು ನನ್ನನ್ನೇ ಕೇಳಿದ. ಬಂದವರಿಗೆ ಚಾ ಕೊಡದೆ ಪ್ರಶ್ನೆ ಕೇಳುತ್ತೀಯಾ ಎಂದು ಬೈದು ಒಳಗೆ ಕಳಿಸಿದೆ. ಅಂದಿನಿಂದ ಅವನು ನನ್ನ ಮುಖ ನೋಡಿದಾಗಲೆಲ್ಲ ಅದೇ ಪ್ರಶ್ನೆ ಇರುತ್ತದೆ. ನಿನಗೆ ಫೋನು ಮಾಡಲು ಎತ್ತುತ್ತಾನೆ, ಇಡುತ್ತಾನೆ. ಏನೆಂದು ಹೇಳುವುದು ಅವನಿಗೂ ಗೊತ್ತಿಲ್ಲ.

ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚು. ಓದಿದ್ದು ಕೈಹತ್ತಲಿ, ಒಳ್ಳೆಯವರ ನಡುವೆ ಬಾಳು.

ನಿನ್ನ ಅಜ್ಜಿ
ಪರಿಮಳಾ

ಮತ್ತೆ ಬರೆದದ್ದು: ಇಲ್ಲಿಗೆ ಮುಗಿಸಿ ಲಕೋಟೆಗೆ ಅಂಟು ಹಚ್ಚಿದ್ದೆ. ಬಿಡಿಸಿ ಬರೆಯುತ್ತಿದ್ದೇನೆ. ಅಜ್ಜ ಜಾರಿ ಬಿದ್ದ ದಿನ ಆಯುಧಪೂಜೆ. ಮೋಟರಿಗೂ ಇನ್ವರ್ಟರಿಗೂ ನಾನೇ ಕುಂಕುಮ ಹಚ್ಚಿ ಹೂವು ಏರಿಸಿದ್ದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ದುಡಿಸಬಾರದು ಎಂದು ಮೋಟರಿನ ಪಿನ್ನನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತಿಟ್ಟವಳು ನಾನು. ಅಜ್ಜ ಮೆಟ್ಟಿಲಿನಿಂದ ಕೂಗಿದರು, “ಮೋಟರ್ ಶುರುವೇ ಆಜಿಲ್ಲೆ, ಎಂತಾತೇ?” ಹೇಳಿದರೆ ಬೈಯುತ್ತಾರೆಂದು “ಬ್ಯಾಟ್ರಿ ಹೋಗಿಕ್ಕು” ಅಂದೆ. ಅವರು ನಂಬಿ ಇಳಿದರು. ಜನ ಸೇರಿದ ಮೇಲೆ ಪಿನ್ನನ್ನು ಯಾರೂ ನೋಡಲಿಲ್ಲ. ನಿನ್ನ ಹೆಸರು ಬಂದಾಗ ನಾನು ಬಾಯಿ ಬಿಡಲಿಲ್ಲ. ಊರಿಗೆಲ್ಲ ಮಾತನಾಡುವ ಬಾಯಿ ಅಂದು ಬಿಡಲಿಲ್ಲ.

ಈ ಕಾಗದ ಹರಿಯಬೇಡ. ಮನೆಗೆ ಬಂದು ನಿನ್ನ ಅಪ್ಪನಿಗೆ ಓದಿ ಹೇಳು, ನಾನು ಅಡುಗೆ ಮನೆಯಲ್ಲಿ ಕೂತಿರುತ್ತೇನೆ. ನೀನು ನೀರು ಹಾಕಿದ್ದೆ, ಕೂಸು.