ಮಣ್ಣಿಲ್ಲದ ಪುದೀನ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ನೀರಿನ ಟಾಕಿ ತುಂಬಿಸಿದೆ. ಎರಡು ಬಾಟಲಿಯ ಗೊಬ್ಬರ ಬೆರೆಸಿದೆ. ಮೊದಲು ಒಂದು, ಚೆನ್ನಾಗಿ ಕಲಸಿ ಇನ್ನೊಂದು. ಮೋಟರು ಶುರು. ಪುದೀನ ಚೆನ್ನಾಗಿದೆ. ಕಾಮಕಸ್ತೂರಿ ಇನ್ನೂ ಚೆನ್ನಾಗಿದೆ — ಸುಹಾಸ ಅಣ್ಣ ಅದಕ್ಕೆ ಬೇಸಿಲ್ ಅನ್ನುತ್ತಾರೆ. ಮಾಳಿಗೆಯ ಮೇಲೆ ಗಿಡ ಮಣ್ಣಿಲ್ಲದೆ ನೀರಲ್ಲೇ ಬೆಳೆಯುವ ಪೈಪು, ಮೋಟರು ಎಲ್ಲ ಅವರದೇ. ಆರೈಕೆ ನನ್ನದು. ಸೊಪ್ಪು ಅವರ ಹೈವೇ ಹೋಟೆಲಿಗೆ.

ಕೆಳಗೆ ಅವ್ವ ಬೀಡಿ ಕಟ್ಟುತ್ತಾ ಕೆಮ್ಮುತ್ತಿದ್ದಾಳೆ. ಮೇಲಿನವರೆಗೂ ಕೇಳುತ್ತದೆ. ತಂಬಾಕು ಬಿಡಿ ಅಂದ ಡಾಕ್ಟರರಿಗೇ ನಕ್ಕು ಹೇಳಿದ್ದಳು: "ಸೇದವ್ರಿಗೆ ಹೇಳ್ರಿ ಸಾಹೇಬ್ರ. ನಾ ಬಿಟ್ರ ಅವ್ರೇನ್ ಸೇದಬೇಕ್ರಿ?"

ಫೆಬ್ರವರಿ 9, ರವಿವಾರ

ಬೀಡಿ ಕಾಂಟ್ರ್ಯಾಕ್ಟರ್ ಬಂದಿದ್ದರು. ಅವ್ವ ಕೆಲಸದ ಕಾರ್ಡು ಇಟ್ಟುಕೊಳ್ಳುತ್ತಾಳೋ ಬಿಡುತ್ತಾಳೋ, ತಿಂಗಳ ಕೊನೆಗೆ ಹೇಳಬೇಕಂತೆ. ಬಿಟ್ಟರೆ ಬೇರೆಯವಳಿಗೆ. ಮತ್ತೆ ಸಿಗದು.

"ನಿನ್ನ ನೀರಿನ ಗಿಡ ನಂಬಬಹುದೇನ ಕೋಮಲಾ? ವಿಚಾರ ಮಾಡಿ ಹೇಳ," ಅಂದಳು ಅವ್ವ.

ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನನ್ನ ಮಾತಿನ ಮೇಲೆ ಕಾರ್ಡು ಬಿಡುತ್ತಾಳಂತೆ.

ಫೆಬ್ರವರಿ 10

ವಿಚಾರ ಮಾಡುತ್ತಲೇ ಇದ್ದೇನೆ. ಒಳ್ಳೆಯದು ಇದೆ. ಕಳೆ ಕೀಳುವುದಿಲ್ಲ. ಅವ್ವ ಬಗ್ಗದೆ ನಿಂತೇ ಕೊಯ್ಯಬಹುದು. ಅದೇ ನೀರು ಸುತ್ತುತ್ತದೆ, ಹೊಲದಷ್ಟು ಬೇಡ. ಧೂಳಿಲ್ಲ — ಇದೇ ದೊಡ್ಡದು.

ಕೆಟ್ಟದ್ದು ಕರೆಂಟು. ನಿನ್ನೆ ಮಧ್ಯಾಹ್ನ ಹೋಯಿತು, ಪುದೀನ ಬಾಗಿಬಿಟ್ಟಿತು. ಮಗ್ಗಿನಿಂದ ಪೈಪಿಗೆ ಸುರಿದು ಸುರಿದು ತೋಳು ಇನ್ನೂ ನೋಯುತ್ತಿದೆ. ಮಣ್ಣಿನಲ್ಲಿದ್ದರೆ ಒಂದು ದಿನ ತಡೆಯುತ್ತಿತ್ತು. ಈ ಗಿಡಕ್ಕೆ ತಡೆಯುವುದೇ ಗೊತ್ತಿಲ್ಲ. ಬಿಸಿಲಿಗೆ ನೀರು ಕಾಯುತ್ತದೆ. ಗೊಬ್ಬರ ಪೇಟೆಯಿಂದಲೇ ಬರಬೇಕು. ಒಂದಕ್ಕೆ ರೋಗ ಬಂದರೆ... ಎಲ್ಲಕ್ಕೂ ಒಂದೇ ನೀರು.

ಅವ್ವನಿಗೆ ಒಳ್ಳೆಯದನ್ನಷ್ಟೇ ಹೇಳಿದೆ. "ನೀರಿಗಿ ಏನ್ ಹಾಕಿದ್ರೂ ಎಲ್ಲಾ ಎಲಿಗೂ ಮುಟ್ಟತೈತವ್ವಾ. ಒಂದೊಂದ ಗಿಡ ನೋಡೂದ ಬ್ಯಾಡ."

ಫೆಬ್ರವರಿ 28

ಅವ್ವ ಕಾರ್ಡು ಮರಳಿ ಕೊಟ್ಟು ಬಂದಳು. ಬೀಡಿ ಕಟ್ಟುವ ಮೊರ ಗೋಡೆಗೆ ಒರಗಿಸಿ ಮಲಗಿದಳು. ಇಡೀ ಮಧ್ಯಾಹ್ನ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾರ್ಚ್ 8, ಶನಿವಾರ

ಗಿಡಕ್ಕೆ ಹೇನು ಬಿದ್ದಿದೆ. ಕಾಮಕಸ್ತೂರಿಯ ಎಲೆ ತಿರುಗಿಸಿದರೆ ಬೆನ್ನ ತುಂಬ ಹಸಿರು ಹೇನು. ಸುಹಾಸ ಅಣ್ಣ ಫೋನಿನಲ್ಲಿ ಹೇಳಿದರು, "ಹುಳದ ಎಣ್ಣಿ ಗಿಣ್ಣಿ ಹೊಡಿಬ್ಯಾಡ ಮತ್ತ. ಮಂದಿ ಇದನ್ನ ಹಸೀದ ತಿಂತಾರ."

ಹೂಂ ಅಂದೆ. ಸಾಬೂನು ನೀರಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದೇನೆ. ಮುಗಿಯುವುದಿಲ್ಲ.

ಮಾರ್ಚ್ 13

ಹೇನು ಇಲ್ಲ. ಒಂದೂ ಇಲ್ಲ. ಖುಷಿಯಿಂದ ಟಾಕಿಯ ಮುಚ್ಚಳ ತೆಗೆದೆ. ನೀರು ಚಹಾದ ಬಣ್ಣ. ವಾಸನೆ ಕೂಡಲೇ ಗೊತ್ತಾಯಿತು. ಹುಟ್ಟಿದಾಗಿನಿಂದ ಮೂಗಲ್ಲಿರುವ ವಾಸನೆ.

ಅವ್ವ ಮುಚ್ಚಿಡಲಿಲ್ಲ. "ಡಬ್ಬಿ ತಳದಾಗ ತಂಬಾಕಿನ ಪುಡಿ ಉಳದಿತ್ತು, ಕುದಿಸಿ ಹಾಕೀನಿ. ನಮ್ಮಪ್ಪ ಬದನಿ ಗಿಡಕ್ಕ ಇದನ್ನ ಹೊಡೀತಿದ್ದ."

"ಅದು ಮ್ಯಾಲೆ ಹೊಡಿಯೂದವ್ವಾ. ಇದು ಬೇರಿನಿಂದ ಎಲಿ ಒಳಗ ಹೋಗೇತಿ. ತೊಳದ್ರೂ ಹೋಗೂದಿಲ್ಲ."

"ನೀನ ಹೇಳಿದ್ಯಲ್ಲ, ಎಲ್ಲಾ ಎಲಿಗೂ ಮುಟ್ಟತೈತಂತ?"

ಟಾಕಿಯ ಮುಚ್ಚಳ ಹಾಕಿದೆ. ಆಮೇಲೆ ಅವ್ವ ಮೆಲ್ಲಗೆ ಅಂದಳು, "ಯಾರಿಗೆ ತಿಳೀತೈತಿ? ನಾಳೆ ಕೊಯ್ದ ಕೊಡ. ಕಾರ್ಡ್ ಬಿಟ್ಟ ಕುಂತೀನಿ ನಾ."

ಮಾರ್ಚ್ 14, ಶುಕ್ರವಾರ

ಸುಹಾಸ ಅಣ್ಣ ಕ್ರೇಟು ತಂದಿದ್ದರು. "ಮಸ್ತ ಅದಾವ ಗಿರಿಜಾಕಾಕು! ನಿಮ್ಮ ಮಗಳ ಬಾಯಾಗ ಮಾತಿಲ್ಲ, ಕೈಯಾಗ ಐತಿ ನೋಡ್ರಿ." ಅವ್ವ ನಕ್ಕಳು. ಸ್ವಲ್ಪ ಜಾಸ್ತಿಯೇ. ಅವರು ಒಂದು ಎಲೆ ಕಿತ್ತು ಬಾಯಿಯ ಹತ್ತಿರ ಒಯ್ದರು.

"ತಿನ್ನಬ್ಯಾಡ್ರಿ!"

ನನ್ನದೇ ದನಿ. ಅಷ್ಟು ದೊಡ್ಡದು. "ಟಾಕಿಗೆ ತಂಬಾಕು ಬಿದ್ದೈತ್ರಿ," ಅಂದೆ. ಹೇಗೆ ಬಿತ್ತು ಅಂತ ಬಾಯಿ ಬಿಡಲಿಲ್ಲ. ಅವ್ವನೇ ಹೇಳಿದಳು, "ನಾನ ಹಾಕೀನಿ."

ಅವರು ಬೈಯಲಿಲ್ಲ. ಎಲೆ ಕೆಳಗೆ ಬಿಟ್ಟು ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. "ಎಲ್ಲಾ ಕಿತ್ತ ಒಗೀರಿ. ಪೈಪ ತೊಳದ ಮತ್ತ ಹಚ್ಚ ಕೋಮಲಾ. ಬೆಳಿ ಬಂದ ಮ್ಯಾಲೆ ನೋಡೂನು." ಕ್ರೇಟು ಖಾಲಿಯೇ ಒಯ್ದರು.

ಸಂಜೆಯವರೆಗೆ ಕಿತ್ತೆ. ಬೇರು ಬಿಳಿ, ಉದ್ದ, ಚೆಂದ ಇದ್ದವು.

ಮಾರ್ಚ್ 24, ಸೋಮವಾರ. ಸಂಜೆ

ಹೊಸ ಬೀಜ ಮೊಳೆತಿದೆ. ಕೊಯ್ಲಿಗೆ ಇನ್ನೂ ಬಹಳ ದಿನ.

ಅವ್ವ ಗೋದಾಮಿಗೆ ಹೋಗುತ್ತಿದ್ದಾಳೆ. ತಂಬಾಕು ಸೋಸುವ ಕೆಲಸ. ಕಾರ್ಡು ಇಲ್ಲದವರಿಗೆ ಸಿಗುವುದು ಅದೊಂದೇ. ಮನೆಯಲ್ಲಿ ಬೀಡಿ ಕಟ್ಟುವಾಗ ಇಷ್ಟು ಧೂಳಿರಲಿಲ್ಲ. ನಾನು ಹೋಗುತ್ತೇನೆ ಅಂದೆ. "ನೀ ಹೋದ್ರ ಗಿಡ ಯಾರ್ ನೋಡ್ತಾರ? ನನ್ನ ಕೈಯಾಗ ಕೊಡ್ತೀಯೇನ?" ಅಂದಳು. ತಮಾಷೆಗೆ ಅಂದಳೋ ಏನೋ.

ಈಗ ಬಂದಿದ್ದಾಳೆ. ಹುಬ್ಬಿನ ಮೇಲೂ ಪುಡಿ. ಮೆಟ್ಟಿಲ ಕೆಳಗೇ ನಿಂತಿದ್ದಾಳೆ, ಮೇಲೆ ಬರುತ್ತಿಲ್ಲ. ಕೆಮ್ಮು ನಿಂತ ಮೇಲೆ ಕೂಗಿ ಕೇಳಿದಳು, "ಕೈ ಸಾಬೂನ ಹಚ್ಚಿ ತೊಳ್ಕೊಂಡೀನವಾ... ಮ್ಯಾಲೆ ಬರ್ಲೇನ?"

ಬಾ ಅನ್ನಬೇಕು. ಪೆನ್ನು ಇನ್ನೂ ಕೈಯಲ್ಲೇ ಇದೆ. ಮೊಳಕೆಯ ಮೇಲೆ ಪುಡಿ ಬೀಳದಂತೆ ನನ್ನ ಸೆರಗು ಯಾವಾಗ ಹೊದಿಸಿದೆನೋ —